ಕಾರಿನ ಮೂಗಿಗೆ ಬಳೆಗಾರ್ತಿಯ ಕೈ

ಇಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳಿದ್ದರೆ ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನುಗಳೆಲ್ಲ ನಿಂತಲ್ಲೇ ನಿಲ್ಲಲಿ, ಈಶಪ್ಪನ ಹೋಟೆಲಿನ ಮಿರ್ಚಿಯ ಖಾರ ಇಳಿದು ಹೋಗಲಿ. ಒಂದಿಷ್ಟು ಹೆಚ್ಚು ಕಡಿಮೆ ಆಗಿರಬಹುದು, ಅದು ಬೇರೆ ಮಾತು. ರೊಟ್ಟಿ ಬಡಿಯುವಾಗ ಅಂಚು ತುಸು ಆಚೀಚೆ ಆಗುತ್ತದೆ, ಹಾಗಂತ ಅದನ್ನು ಯಾರೂ ಚಪಾತಿ ಅನ್ನುವುದಿಲ್ಲ.

ಮುಂಜಾನೆ ಐದೂವರೆ. ಗುಡ್ಡದ ಸಾಲಿನ ಹಿಂದೆ ಆಕಾಶ ಇನ್ನೂ ಬೂದಿ ಬಣ್ಣದಲ್ಲಿದೆ. ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ತಗಡಿನ ಒಂದು ಅಂಗಡಿ, ಅದರ ಮುಂದೆ ಒಂದು ಕೆಂಪು ಕಾರು. ಕಾರಿನ ಎಡಬದಿಯ ಬಾಗಿಲು ತೆರೆದಿದೆ. ಅದರಿಂದ ಎರಡು ಪಾದಗಳು ಹೊರಗೆ ಚಾಚಿವೆ. ಒಂದರಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ. ಉಳಿದ ಮೈಯೆಲ್ಲ ಡ್ಯಾಶ್‌ಬೋರ್ಡಿನ ಕೆಳಗೆ. ಊರಿಗೆ ಹೊಸಬರಾದರೆ, ಕಾರು ಯಾರನ್ನೋ ಅರ್ಧ ನುಂಗಿ ಬಾಯಿ ಮುಚ್ಚುವುದನ್ನು ಮರೆತಿದೆ ಅಂದುಕೊಳ್ಳಬೇಕು. ಊರವರಿಗೆ ಗೊತ್ತು, ಅದು ಮಾಬೂಬಿ. ಕಾರಿನ ಮೂಗು ಬಿಡಿಸುತ್ತಿದ್ದಾಳೆ.

ಕಾರಿನೊಳಗೆ ಎಸಿ ಗಾಳಿ ಬರುವ ದಾರಿಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಗೇಣಗಲ, ನೆರಿಗೆ ನೆರಿಗೆಯಾಗಿ ಮಡಿಸಿದ ದಪ್ಪ ಕಾಗದದಂಥದ್ದು. ಎಡಗಡೆ ಸೀಟಿನ ಮುಂದೆ ಕಾಗದಪತ್ರ ಇಡುವ ಡಬ್ಬಿ ಇದೆಯಲ್ಲ, ಅದರ ಹಿಂದೆ ಅಡಗಿ ಕೂತಿರುತ್ತದೆ. ಕಾರು ಕೊಂಡು ಹತ್ತು ವರ್ಷವಾದರೂ ಅದರ ಮುಖ ನೋಡದ ಸಾಹುಕಾರರು ಈ ಮೂರು ತಾಲೂಕಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದು ಧೂಳು ತುಂಬಿ ಕಟ್ಟಿಕೊಂಡಾಗ ಎಸಿ ತಣ್ಣಗಾಗುವುದಿಲ್ಲ. ಆಗ ಎಲ್ಲರೂ ಒಂದೇ ಮಾತು ಹೇಳುತ್ತ ಬರುತ್ತಾರೆ: "ಗ್ಯಾಸ್ ಹೋಗೇತಿ."

"ಗ್ಯಾಸ್ ಎಲ್ಲಿ ಹೋಗ್ತೈತ್ರಿ, ತವರಮನಿಗೆ?" ಅನ್ನುತ್ತಾಳೆ ಮಾಬೂಬಿ. "ಮೂಗ ಕಟ್ಟೇತಿ, ಅಷ್ಟ. ನೆಗಡಿ ಬಂದಾಂವಂದು ಹೊಟ್ಟಿ ಕೊಯ್ದ್ರ ಹ್ಯಾಂಗ್ರಿ?"

ಆಕೆಯ ಕೆಲಸ ನೋಡುವಂಥದ್ದು. ಡಬ್ಬಿಯನ್ನು ಎರಡೂ ಕಡೆ ಒತ್ತಿ ಕೆಳಗೆ ಇಳಿಬಿಡುತ್ತಾಳೆ. ಹಿಂದೆ ಅಂಗೈಯಷ್ಟು ಸಂದು. ಅದರೊಳಗೆ ಕೈ ಇಳಿಸುವ ಮೊದಲು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ನಾಲ್ಕು ಬೆರಳನ್ನು ಅದರ ಮೇಲೆ ಕೂಡಿಸಿ, ಕೈಯನ್ನು ಹೂವಿನ ಮೊಗ್ಗಿನಂತೆ ಮಾಡಿಕೊಳ್ಳುತ್ತಾಳೆ. ಬಳೆ ಇಡಿಸಿಕೊಳ್ಳುವಾಗ ಹೆಂಗಸರು ಕೈ ಮಡಚುವುದು ಹೀಗೆಯೇ. ಮಾಬೂಬಿಯ ತಾಯಿ ಕಾಶೀಂಬಿ ಬಳೆಗಾರ್ತಿ. ಬಳೆಯ ಹೊರೆ ಹೆಗಲಿಗೆ ಹಾಕಿಕೊಂಡು ಸವಡಿ, ಇಟಗಿ, ಲಕ್ಕಲಕಟ್ಟಿ ಎಲ್ಲ ತಿರುಗಿದವಳು. ಅವಳ ಹಿಂದೆ ತಿರುಗಿದ ಮಗಳಿಗೆ ಕೈ ಅನ್ನುವುದು ಎಂಥ ಸಂದಿಯಲ್ಲೂ ನುಸುಳಬಲ್ಲ ವಸ್ತು ಎಂದು ಹತ್ತನೇ ವಯಸ್ಸಿಗೇ ಗೊತ್ತಾಗಿತ್ತು.

ಮಾಬೂಬಿಗೆ ಈಗ ಐವತ್ತೆರಡು. ಬೆಳಕು ಹರಿಯುವ ಮುಂಚೆ ಕೆಲಸ ಶುರು ಮಾಡುವುದಕ್ಕೂ ಕಾರಣ ಇದೆ. "ಒಂಬತ್ತಕ್ಕ ಗುಡ್ಡದ ಗಾಳಿ ಊರಾಗ ಇಳಿತೈತಿ. ಗಾಳ್ಯಾಗ ಮೂಗ ತಗದ್ರ ಹಳೇ ಧೂಳ ಹೊರಗ ಹೋಗೂಕಿಂತ ಹೊಸಾದ ಒಳಗ ಬರೂದ ಭಾಳ," ಎನ್ನುತ್ತಾಳೆ. ದಿನಕ್ಕೆ ಐದಾರು ಕಾರು, ಮದುವೆಯ ದಿನಗಳಲ್ಲಿ ಹತ್ತು ಹನ್ನೆರಡು. ಒಂಬತ್ತು ವರ್ಷದಲ್ಲಿ ಹದಿನೈದು ಸಾವಿರ ಮೂಗು ದಾಟಿದೆ ಎನ್ನುವುದು ಗಂಡ ಇನಾಯತನ ಅಂದಾಜು. ಅದೇ ತಗಡಿನ ಅಂಗಡಿಯ ಇನ್ನೊಂದು ಮಗ್ಗುಲಲ್ಲಿ ಅವನ ಪಂಕ್ಚರ್ ಕೆಲಸ. ಹೆಂಡತಿ ಕೊಡವಿದ ಧೂಳನ್ನೆಲ್ಲ ಒಂದು ಕಡೆ ಹಾಕಿದ್ದರೆ ಗಜೇಂದ್ರಗಡಕ್ಕೆ ಇನ್ನೊಂದು ಗುಡ್ಡ ಆಗುತ್ತಿತ್ತಂತೆ, ಅದರ ಮೇಲೆ ಇನ್ನೆರಡು ಗಾಳಿ ಫ್ಯಾನು ನಿಲ್ಲಿಸಬಹುದಿತ್ತಂತೆ.

ಶುರುವಾದದ್ದು ಇನಾಯತನ ಕೈಯಿಂದಲೇ. ಒಂಬತ್ತು ವರ್ಷದ ಹಿಂದೆ ದನದ ಡಾಕ್ಟರರೊಬ್ಬರು ಕಾರು ತಂದು, ಡಬ್ಬಿಯ ಹಿಂದೆ ಇಲಿ ಸತ್ತ ವಾಸನೆ ಬರುತ್ತಿದೆ, ನೋಡು ಎಂದರು. ಇನಾಯತ ತನ್ನ ಸಲಿಕೆಯಂಥ ಕೈ ಒಳಗೆ ಹಾಕಿದ. ಹೋದ ಕೈ ಹೊರಗೆ ಬರಲಿಲ್ಲ. ಎಣ್ಣೆ ಹಚ್ಚಿದರು, ಸಾಬೂನು ಹಚ್ಚಿದರು, ಡಾಕ್ಟರು ಎಮ್ಮೆಗೆ ಕೊಡುವ ಇಂಜೆಕ್ಷನ್ನಿನ ಮಾತೂ ಎತ್ತಿದರು. ಅಷ್ಟರಲ್ಲಿ ಊಟದ ಬುತ್ತಿ ತಂದ ಮಾಬೂಬಿ ಸೀಟಿನ ಮೇಲೆ ಕೂತು, "ಹೆಬ್ಬಟ್ಟ ಒಳಗ ಮಡಚ್ರಿ, ಉಸರ ಬಿಡ್ರಿ, ನನ್ನ ಮಾರಿ ನೋಡ್ರಿ," ಅಂತ ಬಳೆ ಇಡುವವರ ಮಾತು ಹೇಳಿದಳು. ಕೈ ಸರಕ್ಕನೆ ಹೊರಗೆ ಬಂತು. ಅನಂತರ ತಾನೇ ಕೈ ಇಳಿಸಿ ಫಿಲ್ಟರ್ ಎಳೆದಳು. ಇಲಿ ಸತ್ತಿರಲಿಲ್ಲ, ಸಂಸಾರ ಹೂಡಿತ್ತು. ಹರಿದ ಮದುವೆ ಕಾರ್ಡುಗಳ ಹಾಸಿಗೆಯ ಮೇಲೆ ಆರು ಮರಿ ಮಲಗಿದ್ದವು.

"ಅವತ್ತಿಂದ ಇವರು ಕೆಳಗಿನ ಗಾಲಿ ನೋಡ್ತಾರ, ನಾ ಮ್ಯಾಲಿನ ಮೂಗು ನೋಡ್ತೀನಿ. ನಡುವಿಂದು ಏನಿದ್ರೂ ಹುಬ್ಬಳ್ಳಿಗೆ ಹೋಗ್ಲಿ," ಎನ್ನುತ್ತಾಳೆ.

ಮೊದಮೊದಲು ತಪ್ಪುಗಳೂ ಆದವು. ಹೊಲಸಾದ ವಸ್ತು ಅಂದಮೇಲೆ ತೊಳೆಯಬೇಕು ಎಂದು ಮೊದಲನೇ ಫಿಲ್ಟರನ್ನು ಸೋಪು ಹಚ್ಚಿ ತಿಕ್ಕಿ, ಮಾಳಿಗೆಯ ಮೇಲೆ ಸಂಡಿಗೆ ಒಣಗಿಸಿದ ಹೊರಸಿನ ಮೇಲೆಯೇ ಒಣಹಾಕಿದ್ದಳು. ಸಂಜೆಗೆ ಅದು ಹಪ್ಪಳದಂತೆ ಸೆಟೆದುಕೊಂಡಿತ್ತು. ಅದನ್ನೇ ತಿರುಗಿ ಹಾಕಿದಳು. ಕಾರಿನವನು ಮರುದಿನ ಬಂದು, ಎಸಿ ಹಚ್ಚಿದರೆ ಜೀರಿಗೆ ವಾಸನೆ ಬರುತ್ತದೆ, ಹಸಿವಾಗುತ್ತದೆ ಎಂದು ತಕರಾರು ಮಾಡಿದ. ಆಮೇಲೆ ಗೊತ್ತಾಯಿತು, ಕಾಗದದ ಫಿಲ್ಟರಿಗೆ ನೀರು ತಾಗಬಾರದು; ಮೇಲೆ ಮೇಲೆ ಕೊಡವಬಹುದು, ಮುಪ್ಪಾದರೆ ಬದಲಿಸಬೇಕು.

ಬದಲಿಸುವಾಗ ನೋಡಬೇಕಾದದ್ದು ಒಂದೇ, ಬಾಣ. ಪ್ರತಿ ಫಿಲ್ಟರಿನ ಅಂಚಿಗೆ ಒಂದು ಬಾಣದ ಗುರುತು ಇರುತ್ತದೆ, ಗಾಳಿ ಯಾವ ಕಡೆಗೆ ಹರಿಯಬೇಕು ಎಂದು ತೋರಿಸಲು. ಮಾಬೂಬಿಗೆ ಓದು ಬರಹ ಬರುವುದಿಲ್ಲ. ಬಾಣ ಓದಲು ಬರುತ್ತದೆ.

ಇನ್ನೊಂದು ಓದೂ ಬರುತ್ತದೆ. ಹಳೆಯ ಫಿಲ್ಟರನ್ನು ಬೆಳಕಿಗೆ ಹಿಡಿದು, ನೆರಿಗೆ ಬಿಡಿಸಿ, ಮೂಸಿ ನೋಡಿ ಆ ಕಾರು ಎಲ್ಲೆಲ್ಲಿ ತಿರುಗಿದೆ ಎಂದು ಹೇಳುತ್ತಾಳೆ. ನರಗುಂದದ ಕರಿ ಮಣ್ಣು ಬೆರಳಿಗೆ ಹಿಟ್ಟಿನಂತೆ ಹತ್ತುತ್ತದೆ. ಗಜೇಂದ್ರಗಡದ ಗುಡ್ಡದ್ದು ಕೆಂಪು, ಹರಳು ಹರಳು. ರೋಣದ ಹೊಲದ ದಾರಿಯದಾದರೆ ಸುಗ್ಗಿಯಲ್ಲಿ ಕಡಲೆಯ ಹೊಟ್ಟು ಬಂದೇ ಬರುತ್ತದೆ. ಕಾರು ನಿಲ್ಲಿಸಿದ ಕಡೆ ಗಿಡ ಇದ್ದರೆ ಅದರ ಎಲೆ, ಹೂವು ಗಾಜಿನ ಕೆಳಗಿನ ಸಂದಿಯಲ್ಲಿ ಬಿದ್ದು, ಪುಡಿಯಾಗಿ ಇಲ್ಲಿಗೆ ಇಳಿಯುತ್ತವೆ.

ಈ ವಿದ್ಯೆಯಿಂದ ಒಂದು ಸಂಸಾರ ಮುರಿಯುವುದರಲ್ಲಿತ್ತು. ಅಡತಿ ಅಂಗಡಿಯ ಶಶಿಕಾಂತ ಒಂದು ಸಲ ಹೆಂಡತಿ ಸುವರ್ಣಾಳನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಬಂದ. ಮಾಬೂಬಿ ಫಿಲ್ಟರ್ ಎಳೆದು, ಕೊಡವಿ, "ಹುಣಸಿ ಎಲಿ ಭಾಳ ಬಿದ್ದಾವ್ರಿ. ದಿನಾ ಹುಣಸಿ ಗಿಡದ ಬುಡಕ ನಿಲ್ಲಸ್ತೀರೇನು?" ಅಂದಳು.

"ಇವರು ಎರಡ ತಿಂಗಳಿಂದ ದಿನಾ ರೋಣದ ಕೋರ್ಟಿಗೆ ಹೊಂಟಾರ, ಕೇಸ್ ನಡದೇತಿ," ಎಂದಳು ಸುವರ್ಣಾ.

"ಕೋರ್ಟಿನ್ಯಾಗ ಹುಣಸಿ ಯಾವಾಗ ಹಚ್ಚಿದ್ರೋ," ಅಂದಳು ಮಾಬೂಬಿ, ತನ್ನ ಪಾಡಿಗೆ ತಾನು. ಒಂದು ನೆರಿಗೆ ಬಿಡಿಸಿದಳು, ಇಸ್ಪೀಟಿನ ಎಲೆಯ ಒಂದು ಮೂಲೆ ಹೊರಗೆ ಬಂತು. ಲಕ್ಕಲಕಟ್ಟಿ ದಾರಿಯ ಹುಣಸೆ ಮರದ ಕೆಳಗೆ ಏನು ನಡೆಯುತ್ತದೆ ಎನ್ನುವುದು ಸುವರ್ಣಾಳನ್ನು ಬಿಟ್ಟು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವತ್ತು ಅವಳಿಗೂ ಗೊತ್ತಾಯಿತು. ಅಂದಿನಿಂದ ಶಶಿಕಾಂತ ಒಬ್ಬನೇ ಬರುತ್ತಾನೆ, ಫಿಲ್ಟರನ್ನು ಮೊದಲು ತಾನೇ ನೋಡಿಕೊಳ್ಳುತ್ತಾನೆ. ಹೆಂಡತಿಯನ್ನು ಕೋರ್ಟಿಗೆ ತಾನೇ ಕರೆದೊಯ್ದು ತೋರಿಸಿದ್ದಾನಂತೆ. ಅಲ್ಲಿ ಇವನ ಕೇಸೇ ಇಲ್ಲ, ಅದು ಮುಂದಿನ ಕತೆ.

ಹೀಗೆ ಎಲ್ಲರ ಧೂಳನ್ನೂ ನಗುತ್ತ ಓದುವ ಮಾಬೂಬಿ ಒಂದು ಕಾರಿನ ಧೂಳನ್ನು ಮಾತ್ರ ನಗದೆ ಓದುತ್ತಾಳೆ. ಅದು ಅಳಿಯ ಸಲ್ಮಾನನ ಬಿಳಿ ಕಾರು. ಸಲ್ಮಾನ ನರಗುಂದದವನು, ಬಾಡಿಗೆ ಕಾರು ಓಡಿಸುತ್ತಾನೆ. ನಾಲ್ಕು ತಿಂಗಳಿಗೊಮ್ಮೆ ಫಿಲ್ಟರ್ ಹಾಕಿಸಲು ಗಜೇಂದ್ರಗಡಕ್ಕೆ ಬರುತ್ತಾನೆ. ಹೆಂಡತಿ ನಾಜಮೀನ, ಅಂದರೆ ಮಾಬೂಬಿಯ ಒಬ್ಬಳೇ ಮಗಳು, ಮೂರು ವರ್ಷದಿಂದ ಬಂದಿಲ್ಲ.

ಜಗಳ ಆಗಿದ್ದು ಬಾಣದ ಮೇಲೆ. ಮದುವೆಯಾಗಿ ವರ್ಷವಾಗಿತ್ತು, ರಂಜಾನ ಹಬ್ಬಕ್ಕೆ ನಾಜಮೀನ ತವರಿಗೆ ಬಂದಿದ್ದಳು. ಹಬ್ಬದ ಹಿಂದಿನ ದಿನ ಅಂಗಡಿಯ ಮುಂದೆ ಕಾರುಗಳ ಸಾಲು. ಮಗಳೂ ಕೆಲಸಕ್ಕೆ ಕೂತಳು. ಹೆಬ್ಬೆರಳು ಮಡಚುವುದನ್ನು ತಾಯಿಯಿಂದಲೇ ಕಲಿತವಳು, ಮೇಲಾಗಿ ಹತ್ತನೇ ಇಯತ್ತೆ ಪಾಸಾದವಳು. ರೋಣದಿಂದ ಬಂದಿದ್ದ ಒಂದು ದೊಡ್ಡ ಹೊಸ ಕಾರಿಗೆ ಮಾಬೂಬಿ ಎಂದಿನಂತೆ ಬಾಣದ ತಲೆ ಕೆಳಗೆ ಮಾಡಿ ಫಿಲ್ಟರ್ ಇಟ್ಟಳು. ನಾಜಮೀನ ಒಳಗಿನ ಮುಚ್ಚಳದ ಮೇಲಿನ ಬರಹ ಓದಿ, "ಅಮ್ಮಾ, ಈ ಗಾಡ್ಯಾಗ ಬಾಣ ಮ್ಯಾಲಕ್ಕ ಐತಿ. ಉಲ್ಟಾ ಹಾಕಿ ನೋಡು," ಅಂದಳು.

"ಮಳಿ ಮ್ಯಾಲಿಂದ ಬೀಳ್ತೈತಿ, ಗಾಳಿನೂ ಹಂಗ. ಬಾಣದ ತಲಿ ಕೆಳಗ."

"ಇಲ್ಲಿ ಬರದಾರ, ನೋಡಿಲ್ಲೆ."

ನಿಂತಿದ್ದ ನಾಲ್ಕು ಮಂದಿ ನಕ್ಕರು. ಅವರಲ್ಲೊಬ್ಬ, "ಮಾಬೂಬಕ್ಕಾ, ಗುರುವಿಗೆ ತಿರುಮಂತ್ರ ಆತಲ್ಲ," ಅಂದ. ಅದು ಚುಚ್ಚಿತು. ಮಾಬೂಬಿ ಮಗಳ ಕೈಯಿಂದ ಮುಚ್ಚಳ ಕಸಿದುಕೊಂಡು, "ನಿನ್ನ ಕೈಯಾಗ ಬರ್ಕತ್ ಇಲ್ಲ. ನನ್ನ ಕೆಲಸಕ್ಕ ಕೈ ಹಚ್ಚಬ್ಯಾಡ," ಅಂದುಬಿಟ್ಟಳು.

ಬಳೆ ಇಡುವವರ ಮನೆಯಲ್ಲಿ ಇದು ಆಡುವ ಮಾತಲ್ಲ. ಬರ್ಕತ್ ಅಂದರೆ ಬರೀ ಕೈಗುಣ ಅಲ್ಲ. ಆ ಕೈಯಿಂದ ಹಾಕಿದ್ದು ನಿಲ್ಲುತ್ತದೆ, ಬೆಳೆಯುತ್ತದೆ ಎನ್ನುವ ನಂಬಿಗೆ. ಬಸುರಿಗೆ, ಮದುವಣಗಿತ್ತಿಗೆ ಬಳೆ ಇಡಲು ಬರ್ಕತ್ ಇದ್ದ ಕೈಯನ್ನೇ ಹುಡುಕಿ ಕರೆಯುತ್ತಾರೆ. ಮಗಳ ಕೈಯಲ್ಲಿ ಅದು ಇಲ್ಲ ಎಂದು ತಾಯಿಯೇ ಅಂದಮೇಲೆ ಉಳಿಯಿತೇನು. ನಾಜಮೀನ ಕೈ ತೊಳೆದುಕೊಂಡಳು, ಬ್ಯಾಗು ತೆಗೆದುಕೊಂಡಳು, ಹಬ್ಬದ ಸುರಕುಂಬಾ ಕುಡಿಯದೆ ಅದೇ ಸಂಜೆ ನರಗುಂದಕ್ಕೆ ಹೋದಳು.

ಇಪ್ಪತ್ತೆರಡು ದಿನಕ್ಕೆ ಆ ದೊಡ್ಡ ಕಾರು ತಿರುಗಿ ಬಂತು. ಎಸಿ ಹಚ್ಚಿದರೆ ಕುಕ್ಕರಿನಂತೆ ಸೀಟಿ ಹೊಡೆಯುತ್ತಿತ್ತು. ಮಾಬೂಬಿ ಫಿಲ್ಟರ್ ತೆಗೆದು ನೋಡಿದಳು. ಧೂಳು ಕೆಳಗಿನ ಮೈಗೆ ಹತ್ತಿತ್ತು. ಗಾಳಿ ಆ ಕಾರಿನಲ್ಲಿ ಕೆಳಗಿನಿಂದ ಮೇಲಕ್ಕೇ ಹರಿಯುತ್ತಿತ್ತು. ಮಗಳು ಓದಿದ್ದು ಸರಿ ಇತ್ತು.

ಹೊಸದು ಹಾಕಿದಳು, ಬಾಣ ಮೇಲಕ್ಕೆ ಮಾಡಿ. ಯಾರಿಗೂ ಹೇಳಲಿಲ್ಲ, ಇನಾಯತನಿಗೂ.

"ಅವತ್ತ ಒಂದ ಫೋನ್ ಹಚ್ಚಿ, ನಂದ ತಪ್ಪಾತವ್ವಾ ಅಂದಿದ್ರ ಮುಗೀತಿತ್ತು," ಎನ್ನುತ್ತಾಳೆ ಈಗ. "ಹಸಿ ಇದ್ದಾಗ ಮಾತು ಬಗ್ಗತೈತ್ರಿ. ಈಗ ಒಣಗಿ ಕಟಗಿ ಆಗೇತಿ. ನುಂಗಾಕೂ ಬರೂದಿಲ್ಲ, ಉಗಳಾಕೂ ಬರೂದಿಲ್ಲ."

ಹೋಟೆಲಿನ ಈಶಪ್ಪ ಚಹಾ ತಂದಾಗಲೆಲ್ಲ ಒಂದು ಮಾತು ಚುಚ್ಚುತ್ತಾನೆ: "ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಐತಿ, ಮಾಬೂಬಿ. ಹತ್ತಿ ಕುಂತ್ರ ಮಧ್ಯಾಹ್ನಕ್ಕ ನರಗುಂದದಾಗ ಇರ್ತಿ."

"ಬಸ್ ಪುಕ್ಕಟ ಐತೋ ಈಶಪ್ಪಾ, ಮಾತು ಪುಕ್ಕಟ ಇಲ್ಲ. ಬಾಗಲಾ ತಗದ ಕೂಡ್ಲೆ ಏನ್ ಹೇಳ್ಲಿ? ಮೊದಲ ಅದನ್ನ ಹೇಳು, ಆಮ್ಯಾಲ ಬಸ್ ಹತ್ತತೀನಿ."

ಈಶಪ್ಪನಿಗೂ ಅದು ಗೊತ್ತಿಲ್ಲ. ಅವನು ತನ್ನ ತಮ್ಮನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿದೆ.

ಜಗಳವಾದ ಮೇಲೆ ನಾಜಮೀನ ಮತ್ತು ಸಲ್ಮಾನ ನರಗುಂದದಲ್ಲಿ ಬೇರೆ ಮನೆ ಮಾಡಿದರು. ಆ ಮನೆಯನ್ನು ಮಾಬೂಬಿ ನೋಡಿಲ್ಲ. ಆದರೆ ಅಳಿಯನ ಕಾರಿನ ಫಿಲ್ಟರಿನಿಂದ ಅದನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿಕೊಂಡಿದ್ದಾಳೆ. ಬೇವಿನ ಹೂವು ಬಂತು, ಬಾಗಿಲಲ್ಲಿ ಬೇವಿನ ಗಿಡ ಇದೆ. ಜೋಳದ ಹಿಟ್ಟು ಬಂತು, ಗೋಡೆಗೆ ಹತ್ತಿಕೊಂಡೇ ಹಿಟ್ಟಿನ ಗಿರಣಿ ಇದೆ. ಕೋಳಿಯ ತುಪ್ಪಳ ಬಂತು, ಕರಿಯದು ಎರಡು, ಕಂದು ಒಂದು, ಅಂದರೆ ಮೂರು ಕೋಳಿ ಸಾಕಿದ್ದಾರೆ. ಸಲ್ಮಾನ ಸುಮ್ಮನಿರುವ ಜಾತಿಯ ಮನುಷ್ಯ. ಮನೆಯ ಸುದ್ದಿ ಕೇಳಿದರೆ "ಆರಾಮ ಅದೀವ್ರಿ" ಬಿಟ್ಟು ಬೇರೆ ಮಾತು ಬರುವುದಿಲ್ಲ. ಅವನ ಬದಲು ಫಿಲ್ಟರೇ ಮಾತಾಡುತ್ತದೆ.

ಒಂದೂವರೆ ವರ್ಷದ ಹಿಂದೆ ಒಂದು ಮುಂಜಾನೆ ಅವನು ಬಂದು ಕಾರು ನಿಲ್ಲಿಸಿದ. ಅವನು ಬಾಯಿ ತೆರೆಯುವ ಮೊದಲೇ ಮಾಬೂಬಿ ಫಿಲ್ಟರ್ ಎಳೆದಿದ್ದಳು. ನೆರಿಗೆಯಿಂದ ಲೋಬಾನದ ಹೊಗೆಯ ವಾಸನೆ ಬಂತು, ಅದರ ಹಿಂದೆ ಬಜೆಯ ವಾಸನೆ. ಎರಡೂ ಕೂಡಿ ಬರುವುದು ಕೂಸಿದ್ದ ಮನೆಯಲ್ಲಿ ಮಾತ್ರ.

"ಗಂಡೋ ಹೆಣ್ಣೋ?" ಅಂತ ಕೇಳಿದಳು, ತಲೆ ಎತ್ತದೆ.

"ಹೆಣ್ರಿ ಅತ್ತಿ. ಹನ್ನೆರಡ ದಿನ ಆತು."

"ಹೆಸರು?"

"ನಿಲೋಫರ."

ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ರೀತಿ. ನಾಜಮೀನಳ ಬಾಣಂತನ ಅತ್ತೆ ಖತೀಜಾಬಿಯೇ ಮಾಡಿದಳು. ಮಾಬೂಬಿ ಅವತ್ತು ಅಂಗಡಿ ಮುಚ್ಚಿ, ಮಧ್ಯಾಹ್ನದೊಳಗೆ ಅಂಟಿನ ಉಂಡಿ ಕಟ್ಟಿ, ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಅಳಿಯನ ಕೈಗೆ ಕೊಟ್ಟಳು. ನಾಲ್ಕು ತಿಂಗಳಿಗೆ ಡಬ್ಬಿ ತೊಳೆದು ತಿರುಗಿ ಬಂತು. ಒಳಗೆ ಒಂದು ಹಿಡಿ ಸಕ್ಕರೆ ಇತ್ತು. ಡಬ್ಬಿ ಖಾಲಿ ಕಳಿಸಬಾರದು ಎಂದು ಹಾಕಿದ್ದೋ, ತಾಯಿಗೆ ಎಂದು ಹಾಕಿದ್ದೋ, ಮಾಬೂಬಿಗೆ ಇವತ್ತಿಗೂ ತಿಳಿದಿಲ್ಲ. ಆ ಸಕ್ಕರೆಯಿಂದ ಒಂದು ವಾರ ಚಹಾ ಮಾಡಿಕೊಂಡಳು. ಇನಾಯತನಿಗೆ ಕೊಡಲಿಲ್ಲ.

ಬೇರೆ ಕಾರಿನ ಹಳೆಯ ಫಿಲ್ಟರುಗಳು ತಿಪ್ಪೆಗೆ ಹೋಗುತ್ತವೆ. ಸಲ್ಮಾನನ ಕಾರಿನವು ಎಂಟು, ಅಂಗಡಿಯೊಳಗೆ ಮೊಳೆಗೆ ತೂಗುತ್ತಿವೆ. ಮಳೆಗಾಲದಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಒಂದನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂಡುತ್ತಾಳೆ. ಫೋನಿನಲ್ಲಿ ಮೊಮ್ಮಗಳ ಫೋಟೋ ಇದೆ. "ಫೋಟೋಕ್ಕ ವಾಸನಿ ಇಲ್ರಿ," ಎನ್ನುತ್ತಾಳೆ.

ಈಗ ಕಳೆದ ಬುಧವಾರದ ಮಾತು. ಮುಂಜಾನೆ ಆರಕ್ಕೆ ಸಲ್ಮಾನ ಬಂದ. ಊರೊಳಗೆ ಯಾರನ್ನೋ ಒಂಬತ್ತಕ್ಕೆ ಹತ್ತಿಸಿಕೊಳ್ಳಬೇಕಿತ್ತು. ಮಾಬೂಬಿ ಒಂದು ಚಪ್ಪಲಿ ಬಿಟ್ಟು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ, ಡಬ್ಬಿ ಇಳಿಸಿ, ಫಿಲ್ಟರ್ ಎಳೆದಳು. ಎಳೆದವಳು ಹಾಗೇ ಕೂತಳು. ಫಿಲ್ಟರ್ ಹೊಸದು, ಒಗೆದ ಅಂಗಿಯಂತೆ ಬೆಳ್ಳಗೆ.

"ಯಾರ ಕಡೆ ಹಾಕಿಸಿದಿ?" ಎಂದು ಕೇಳಿದಳು.

"ಯಾರ ಕಡೇನೂ ಇಲ್ರಿ ಅತ್ತಿ."

"ಗಿಡಕ್ಕ ಹೂ ಬಿಟ್ಟಂಗ ತಾನ ಬಿಟ್ತೇನು?"

ಮಾಬೂಬಿ ಫಿಲ್ಟರನ್ನು ತಿರುಗಿಸಿದಳು. ಬಲಗಡೆ ಮೂಲೆಗೆ ಹಳೆಯ ಸೀರೆಯ ದಡಿಯ ಚೂರೊಂದು ಅಂಟಿಸಿತ್ತು, ಮುಂದಿನ ಸಲ ಹಿಡಿದು ಎಳೆಯಲು. ಹೀಗೆ ಚೂರು ಹಚ್ಚುವುದು ಮಾಬೂಬಿಯ ಸ್ವಂತ ಹಿಕಮತ್ತು. ಮೂರು ತಾಲೂಕಿನಲ್ಲಿ ಅದನ್ನು ಬಲ್ಲ ಇನ್ನೊಂದು ಕೈ ಒಂದೇ.

"ಅಕಿ ಹಾಕ್ಯಾಳ್ರಿ," ಎಂದ ಸಲ್ಮಾನ. "ನಿನ್ನಿ ಸಂಜಿ ಗಜೇಂದ್ರಗಡಕ್ಕ ಹೊಂಟೀನಿ ಅಂದೆ. ಕೂಸನ್ನ ನನ್ನ ಕೈಯಾಗ ಕೊಟ್ಲು. ಹೋಗಿ ಹಾಕಿ ಬಂದ್ಲು."

"ಏನಂದ್ಲು?"

"ಏನೂ ಅನಲಿಲ್ರಿ."

"ಏನೂ ಅಂದ್ರ ಏನೂ ಇಲ್ಲ?"

"ಕೈ ತೊಳಕೊಂಡು ರೊಟ್ಟಿ ಬಡಿಯಾಕ ಕುಂತ್ಲು."

ಪಂಕ್ಚರಿನ ಟ್ಯೂಬು ನೀರಿನಲ್ಲಿ ಅದ್ದುತ್ತಿದ್ದ ಇನಾಯತ ಅಲ್ಲಿಂದಲೇ, "ಬರ್ಕತ್ ಇಲ್ಲದ ಕೈ ಅಂತ ಯಾರೋ ಅಂದಿದ್ರಪಾ," ಅಂದ. ಮಾಬೂಬಿ ಅವನ ಕಡೆ ನೋಡಲಿಲ್ಲ. ಫಿಲ್ಟರನ್ನು ಬೆಳಕಿಗೆ ಹಿಡಿದಳು. ಅಂಚು ಬಾಗಿದೆಯೇ ನೋಡಿದಳು, ಗೂಡಿನೊಳಗೆ ಬೆರಳಾಡಿಸಿ ಕಸ ಬಿಟ್ಟಿದ್ದಾಳೆಯೇ ನೋಡಿದಳು, ಬಾಣ ನೋಡಿದಳು. ಆ ಕಾರಿನಲ್ಲಿ ಬಾಣ ಕೆಳಗೆ ಇರಬೇಕು, ಕೆಳಗೇ ಇತ್ತು.

"ಎಲ್ಲ್ಯಾರ ಒಂದ ತಪ್ಪು ಸಿಗ್ಲಿ ಅಂತ ಹುಡಿಕಿದೆ," ಎನ್ನುತ್ತಾಳೆ. "ತಪ್ಪು ಸಿಕ್ಕಿದ್ರ ಹೇಳಿ ಕಳಸಾಕ ಒಂದ ಮಾತರ ಆಗ್ತಿತ್ತು. ಸಿಗಲಿಲ್ರಿ. ನನಗಿಂತ ಚಲೋ ಹಾಕ್ಯಾಳ."

ಸಂತೋಷ ಪಡಬೇಕಾದ ಹೊತ್ತು. ಆದರೆ ಮಾಬೂಬಿಗೆ ಬೇರೊಂದು ಚಿಂತೆ ಹುಟ್ಟಿತು. ಹೊಸ ಫಿಲ್ಟರಿನಲ್ಲಿ ಓದಲು ಏನೂ ಇಲ್ಲ. ಬೇವಿನ ಹೂವಿಲ್ಲ, ಹಿಟ್ಟಿಲ್ಲ, ಲೋಬಾನವಿಲ್ಲ. ಮಗಳೇ ಅಲ್ಲಿ ಬದಲಿಸತೊಡಗಿದರೆ ಆ ಮನೆಯ ಧೂಳು ನರಗುಂದದಲ್ಲೇ ಉಳಿಯುತ್ತದೆ. ಅಳಿಯನಿಗೆ ಇಲ್ಲಿ ನಿಲ್ಲಲು ನೆಪವೂ ಇರುವುದಿಲ್ಲ. ಮಗಳು ತನ್ನ ಕೈ ತೋರಿಸಲು ಕಳಿಸಿದ್ದೋ, ಇನ್ನು ನಿನ್ನ ಕೈ ಬೇಡ ಎಂದು ಕಳಿಸಿದ್ದೋ? ಎರಡಕ್ಕೂ ಫಿಲ್ಟರ್ ಒಂದೇ.

ಸಲ್ಮಾನನ ಜೇಬಿನಲ್ಲಿ ಬಾಲ್‌ಪೆನ್ನು ಇತ್ತು. "ಕೊಡಿಲ್ಲೆ ತಮ್ಮಾ," ಅಂದಳು. ಹೆಸರು ಬರೆಯಲು ಬಾರದ ಕೈ. ಪೆನ್ನನ್ನು ಸೌಟಿನಂತೆ ಹಿಡಿದಳು. ಫಿಲ್ಟರಿನ ಅಂಚಿನಲ್ಲಿ, ಅಚ್ಚಾಗಿದ್ದ ಕೆಳಮುಖದ ಬಾಣದ ಪಕ್ಕದಲ್ಲಿ, ಒಂದು ಗೆರೆ ಎಳೆದಳು. ಗೆರೆಗೆ ತಲೆ ಇಟ್ಟಳು. ತಲೆ ಮೇಲಕ್ಕೆ.

"ಅತ್ತಿ, ನಮ್ಮ ಗಾಡ್ಯಾಗ ಬಾಣ ಕೆಳಗ ಅಲ್ಲೇನ್ರಿ?" ಎಂದ ಸಲ್ಮಾನ.

"ಕೆಳಗ. ಹಾಕಿದ್ದ ಬರೋಬರಿ ಐತಿ."

"ಮತ್ತ ಇದು?"

"ಇದು ಗಾಡಿಗಲ್ಲ."

ಸಲ್ಮಾನನಿಗೆ ತಿಳಿಯಲಿಲ್ಲ. ಟ್ಯೂಬು ಬಿಟ್ಟು ಎದ್ದು ಬಂದ ಇನಾಯತನಿಗೂ ತಿಳಿಯಲಿಲ್ಲ, ಅವನಿಗೆ ಆ ದೊಡ್ಡ ಕಾರು ತಿರುಗಿ ಬಂದ ಸಂಗತಿಯೇ ಗೊತ್ತಿಲ್ಲ. ಆ ಮೇಲ್ಮುಖದ ಬಾಣದ ಅರ್ಥ ಹೇಳಬಲ್ಲವಳು ಒಬ್ಬಳೇ. ನೀನು ಓದಿದ್ದು ಸರಿ ಇತ್ತು, ನನ್ನ ಹಟ ತಪ್ಪಿತ್ತು ಎನ್ನುವ ಇಡೀ ಮಾತು ಆ ಗೆರೆಯಲ್ಲಿತ್ತು. ಮೂರು ವರ್ಷ ಗಂಟಲಲ್ಲಿ ನಿಂತ ಮಾತು ಬಾಲ್‌ಪೆನ್ನಿನಿಂದ ಇಳಿಯಿತು. ಮಾಬೂಬಿ ಹೆಬ್ಬೆರಳು ಮಡಚಿ, ಮಗಳು ಇಟ್ಟಿದ್ದ ಹಾಗೆಯೇ ಫಿಲ್ಟರನ್ನು ಗೂಡಿನಲ್ಲಿ ಇಟ್ಟು, ಮುಚ್ಚಳ ಹಾಕಿದಳು.

"ಅಕಿಗೆ ಹೇಳ್ಲೇನ್ರಿ?" ಎಂದ ಸಲ್ಮಾನ.

"ಹೇಳಬ್ಯಾಡ. ನೀ ಹೇಳಿದ್ರ ನಿನ್ನ ಮಾತ ಆಗ್ತೈತಿ. ತಾನ ತಗೀಲಿ, ತಾನ ನೋಡ್ಲಿ."

ಹೇಳುವುದಿಲ್ಲ ಎಂದು ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿ ಹೋಗಿದ್ದಾನೆ. ಸುಮ್ಮನಿರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಆಣೆ ನಡೆಸಿಯೇ ನಡೆಸುತ್ತಾನೆ. ತೊಡಕು ಅಲ್ಲೇ ಇದೆ. ಹೊಸ ಫಿಲ್ಟರು, ನಾಲ್ಕು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ. ನಾಜಮೀನ ಅಚ್ಚುಕಟ್ಟಿನ ಹೆಣ್ಣು, ದಿನಾ ಕಾರು ಒರೆಸುತ್ತಾಳೆ, ಗಾಜಿನ ಸಂದಿಯ ಎಲೆ ಆರಿಸುತ್ತಾಳೆ. ಐದು ತಿಂಗಳೂ ಆಗಬಹುದು. ಅಷ್ಟರಲ್ಲಿ ನಿಲೋಫರ ಓಡಲು ಕಲಿತಿರುತ್ತಾಳೆ.

ಇದನ್ನೆಲ್ಲ ನಾನು ಪೇಪರಿನಲ್ಲಿ ಬರೆದರೆ ಮಗಳಿಗೆ ಈಗಲೇ ಗೊತ್ತಾಗುವುದಿಲ್ಲವೇ ಎಂದರೆ ಮಾಬೂಬಿ ನಗುತ್ತಾಳೆ. "ಬರೀರಿ. ಅಕಿ ಮನ್ಯಾಗ ಪೇಪರ್ ಕೂಸಿನ ಬುಡಕ ಹಾಸ್ತಾರ." ಆಮೇಲೆ ನಗು ನಿಲ್ಲಿಸಿ, ಗುಡ್ಡದ ಕಡೆ ನೋಡುತ್ತಾಳೆ. ಅಲ್ಲಿ ಫ್ಯಾನುಗಳು ತಿರುಗಲು ಶುರುವಾಗಿವೆ, ಗಾಳಿ ಎದ್ದಿದೆ. "ಒಂಬತ್ತ ವರ್ಷ ಮಂದಿ ಮೂಗು ಸ್ವಚ್ಛ ಇರ್ಲಿ ಅಂತ ದುವಾ ಮಾಡೀನ್ರಿ. ಈಗ ಒಂದರ ಸಲುವಾಗಿ ಉಲ್ಟಾ ಬೇಡಾಕತ್ತೀನಿ. ಲಗೂ ಹೊಲಸಾಗ್ಲಿ."

ಆದ್ದರಿಂದ ಇಷ್ಟು ಓದಿದವರ ಮೇಲೆ ಒಂದು ಕೆಲಸ ಬಿದ್ದಿದೆ, ಪುಕ್ಕಟೆ ಓದಿ ಎದ್ದು ಹೋಗುವಂತಿಲ್ಲ. ರೋಣದಿಂದ ನರಗುಂದಕ್ಕೆ ಹೋಗುವ ದಾರಿಯಲ್ಲಿ ಹಳದಿ ನಂಬರ್ ಪ್ಲೇಟಿನ ಒಂದು ಬಿಳಿ ಕಾರು ಕಂಡರೆ, ಅದರ ಹಿಂದಿನ ಗಾಜಿನ ಮೇಲೆ ನಿಲೋಫರ ಅಂತ ಬರೆದಿದ್ದರೆ, ಹಾರ್ನ್ ಹೊಡೆದು ಮುಂದಕ್ಕೆ ಹೋಗಿ. ಸ್ವಲ್ಪ ದೂರ ಹೋದ ಮೇಲೆ ಎಡಗಡೆಯ ಗಾಲಿಗಳನ್ನು ಡಾಂಬರು ಬಿಟ್ಟು ಕರಿ ಮಣ್ಣಿಗೆ ಇಳಿಸಿ, ಹಿಂದೆ ಬರುವವನಿಗೆ ದಾರಿ ಕಾಣದಷ್ಟಲ್ಲ, ಫಿಲ್ಟರಿಗೆ ಸಾಕಾಗುವಷ್ಟು ಧೂಳು ಎಬ್ಬಿಸಿ. ಸಲ್ಮಾನ ಏನೂ ಅನ್ನುವುದಿಲ್ಲ. ಅಂದರೂ ಸುಮ್ಮನೆ ಅನ್ನಿಸಿಕೊಂಡು ಇನ್ನೊಂದಿಷ್ಟು ಎಬ್ಬಿಸಿ.